ಹಳದಿ ಗೋಡೆಗೆ ಒಂದು ಕಸಬರಿಗೆ

ಹೊರಟಿದ್ದು

ವಿಮಾನದಲ್ಲಿ ನನ್ನ ಪಕ್ಕ ನಮ್ಮ ಯಜಮಾನರು ಕೂರಬೇಕಿತ್ತು. ಆ ಸೀಟಿನಲ್ಲಿ ಹೊಳಲ್ಕೆರೆಯ ಸರೋಜಮ್ಮ ಟೀಚರ್ ಕೂತಿದ್ದರು. ಚಿತ್ರದುರ್ಗದಿಂದ ವಿಯೆಟ್ನಾಂಗೆ ಹೊರಟ ನಮ್ಮ ಗುಂಪಿನಲ್ಲಿ ಎಲ್ಲರೂ ಗಂಡ ಹೆಂಡತಿ. ಒಂಟಿಯಾಗಿ ಬಂದವರು ನಾವಿಬ್ಬರೇ. ಹಾಗಾಗಿ ಟೂರಿನವರು ಸೀಟು, ರೂಮು, ಊಟದ ಟೇಬಲ್ಲು ಎಲ್ಲದರಲ್ಲೂ ನಮ್ಮಿಬ್ಬರನ್ನು ಜೋಡಿ ಮಾಡಿಬಿಟ್ಟಿದ್ದರು.

"ಗೌರಮ್ಮ, ನಿಮ್ಮ ಮನೆಯೋರು ಯಾಕೆ ಬರ್ಲಿಲ್ಲ?" ಎಂದು ಟೀಚರ್ ಬೆಲ್ಟು ಕಟ್ಟಿಕೊಳ್ಳುತ್ತಾ ಕೇಳಿದರು.

"ಅವರಿಗೆ ಕಣ್ಣು ಕಾಣಲ್ಲ ಟೀಚರ್. ಅಂದ್ರೆ, ಸ್ವಲ್ಪ ಕಾಣ್ತೈತೆ."

"ಸ್ವಲ್ಪ ಅಂದ್ರೆ ಎಷ್ಟು?"

"ಒಂದು ವಸ್ತು ಕಾಣ್ತೈತೆ."

ಟೀಚರ್ ನನ್ನ ಮುಖ ನೋಡಿದರು. ಹೇಳಿದ್ದು ಸುಳ್ಳಲ್ಲ. ನಮ್ಮವರು ನಲವತ್ತು ವರ್ಷ ಗೋಡೆಗೆ ಬಣ್ಣ ಬಳಿದವರು. ಹೊಸದುರ್ಗದಲ್ಲಿ ನಮ್ಮ ಮನೆಯಿದ್ದರೂ ಕೆಲಸ ಮಾತ್ರ ಚಿತ್ರದುರ್ಗ, ಹಿರಿಯೂರಿನ ತನಕ ಇರುತ್ತಿತ್ತು. ಕಣ್ಣಿನ ನರ ಒಣಗುತ್ತಿದೆ, ಹೋದದ್ದು ಬರುವುದಿಲ್ಲ, ಇರುವುದನ್ನು ಕಾಪಾಡಿಕೊಳ್ಳಿ ಎಂದು ದುರ್ಗದ ಡಾಕ್ಟರು ಹೇಳಿದ ಮೇಲೆ ಅವರಿಗೆ ಲೋಕ ಒಂದು ಕೊಳವೆಯೊಳಗಿಂದ ನೋಡಿದ ಹಾಗೆ ಆಯಿತು. ಮದುವೆಯ ಆಲ್ಬಮ್ ತೋರಿಸಿದರೆ, "ಬಣ್ಣದ ಡಬ್ಬ ಚೆಲ್ಲಿದಂಗೈತೆ ಕಣೆ, ಮುಚ್ಚಿಡು" ಎಂದರು.

ಒಂದು ದಿನ ಹಿತ್ತಲ ನೀಲಿ ಗೋಡೆಯ ಮುಂದೆ ಹಿತ್ತಾಳೆ ಚೊಂಬು ಬೋರಲು ಹಾಕಿದ್ದೆ. ಅವರು ಬಾಗಿಲಲ್ಲೇ ನಿಂತು, "ತಡಿ ತಡಿ, ಅದು ಚೊಂಬಲ್ವಾ?" ಎಂದರು. ಅಷ್ಟು ದೂರದಿಂದ ಏನನ್ನಾದರೂ ಗುರುತು ಹಿಡಿದು ಎಷ್ಟೋ ತಿಂಗಳಾಗಿತ್ತು. ನಾನು ಫೋನಿನಲ್ಲಿ ಅದರ ಫೋಟೋ ತೆಗೆದೆ. ಅವರು ಪರದೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಬಹಳ ಹೊತ್ತು ಚೊಂಬನ್ನೇ ನೋಡಿದರು.

ಅವತ್ತಿನಿಂದ ನನಗೆ ಇದೊಂದು ಕೆಲಸ. ಒಂದು ಬಣ್ಣದ ಗೋಡೆ, ಅದರ ಮುಂದೆ ಒಂದು ವಸ್ತು. ಎರಡನೆಯದು ಇರಕೂಡದು. ಹಸಿರು ಗೋಡೆಗೆ ಟೊಮೆಟೊ, ಗುಲಾಬಿ ಗೋಡೆಗೆ ಕಪ್ಪು ಛತ್ರಿ. ಬಿ.ದುರ್ಗದ ನನ್ನ ತವರಿಗೆ ಹೋದಾಗ ಪಡಸಾಲೆಯ ಗೋಡೆಯಿಂದ ಕ್ಯಾಲೆಂಡರು, ಗಡಿಯಾರ, ದೊಡ್ಡಪ್ಪನ ಫೋಟೋ ಎಲ್ಲ ಇಳಿಸಿ ಒಂದು ಮೊರ ಒರಗಿಸಿದ್ದೆ. ತಮ್ಮನ ಹೆಂಡತಿ ನೋಡಿ, "ಏನಕ್ಕಾ, ಮನೆ ಖಾಲಿ ಮಾಡಿಸ್ತೀಯ?" ಎಂದಿದ್ದಳು. ಫೋಟೋ ಚೆನ್ನಾಗಿರಲಿ ಅಂತ ನಾನು ಕಲಿತದ್ದಲ್ಲ. ಅವರ ಕಣ್ಣಿಗೆ ದಕ್ಕಲಿ ಅಂತ ಕಲಿತದ್ದು.

ವಿಯೆಟ್ನಾಂ ಅವರ ಆಸೆ. ಅಲ್ಲಿ ಹೊಯ್ ಆನ್ ಎಂಬ ಹಳೇ ಊರಿದೆ, ಊರಿಗೆ ಊರೇ ಹಳದಿ ಬಳಿದಿದ್ದಾರೆ ಎಂದು ಕಣ್ಣು ಇದ್ದ ಕಾಲದಲ್ಲಿ ಟಿ.ವಿ.ಯಲ್ಲಿ ನೋಡಿದ್ದರು. "ಅದನ್ನ ಯಾರು ಬಳಿದ್ರೋ, ಏನು ಕಲಸಿದ್ರೋ, ಹೋಗಿ ನೋಡ್ಬೇಕು" ಎನ್ನುತ್ತಿದ್ದರು. ಇಬ್ಬರಿಗೂ ಹೆಸರು ಬರೆಸಿದ್ದಾಗಿತ್ತು. ಹೊರಡುವುದು ಹತ್ತಿರ ಬಂದಾಗ, ಏರ್‌ಪೋರ್ಟು ಮೆಟ್ಟಿಲು ನನ್ನಿಂದಾಗಲ್ಲ, ನೀನು ಹೋಗಿ ಬಾ ಎಂದು ಪಟ್ಟು ಹಿಡಿದರು. ನಾನು ಹಾಲುರಾಮೇಶ್ವರಕ್ಕೆ ಹೋಗಿ ಕೊಳದ ಮುಂದೆ ಕಣ್ಣು ಮುಚ್ಚಿ ಕೂತೆ. ಬೇಡಿಕೊಂಡವರಿಗೆ ಗಂಗಮ್ಮ ನೀರಿನಿಂದ ಏನಾದರೂ ಕೊಡುತ್ತಾಳೆ ಎಂಬುದು ನಮ್ಮ ಕಡೆಯ ನಂಬಿಕೆ. ನನಗೆ ಬಾಳೆಹಣ್ಣು ತೇಲಿ ಬಂತು. ನಾನು ಕೇಳಿದ್ದು ಅವರ ಕಣ್ಣು. ಅವರು ಮಾತ್ರ, "ಬಾಳೆಹಣ್ಣು ಅಂದ್ರೆ ಪ್ರಯಾಣಕ್ಕೆ ಅಪ್ಪಣೆ ಆಯ್ತು" ಎಂದು ತೀರ್ಪು ಕೊಟ್ಟರು.

"ದಿನಕ್ಕೊಂದು ಕಳ್ಸು. ನಾನು ಇಲ್ಲಿಂದ್ಲೇ ನೋಡ್ತೀನಿ" ಎಂದರು. ನಮಗೆ ಮಕ್ಕಳಿಲ್ಲ. ನಾದಿನಿ ಶಾಂತಾ ಬಂದು ಅಣ್ಣನ ಜೊತೆ ಇರಲು ಒಪ್ಪಿದಳು. ಅಷ್ಟರ ಮಟ್ಟಿಗೆ ಶಿವ ದೊಡ್ಡವನು.

ಹನೋಯ್

ಈ ಊರಿನವರು ರಸ್ತೆ ಬದಿಯಲ್ಲಿ ನಮ್ಮ ಬಚ್ಚಲುಮನೆಯ ಸ್ಟೂಲಿನಷ್ಟೇ ಎತ್ತರದ ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು ಕೂರುತ್ತಾರೆ. ಆಫೀಸಿಗೆ ಹೋಗುವವರು, ಮುದುಕರು, ಬಸುರಿಯರು, ಎಲ್ಲರೂ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಊಟ ಮಾಡುತ್ತಾರೆ. ನಾನೂ ಕೂತೆ. ಕೂರುವುದೇನೋ ಆಯಿತು, ಏಳಲಾಗಲಿಲ್ಲ. ಅಂಗಡಿಯವಳು ಒಂದು ಕೈ, ಅವಳ ಗಿರಾಕಿ ಒಂದು ಕೈ ಹಿಡಿದು ಎಬ್ಬಿಸಿದರು. ಸರೋಜಮ್ಮ ಟೀಚರ್ ಮಾತ್ರ ಪಕ್ಕದಲ್ಲೇ ನಿಂತು ನಗುತ್ತಿದ್ದರು.

ಅಂಗಡಿಯ ಒಳಗೆ ದೇವರ ಪೆಟ್ಟಿಗೆ ನೆಲದ ಮೇಲೇ ಇತ್ತು. ಊದಿನಕಡ್ಡಿ, ಹಣ್ಣು, ಒಂದು ಪುಟ್ಟ ಲೋಟದಲ್ಲಿ ಟೀ. ದೇವರನ್ನು ನೆಲದಲ್ಲಿ ಕೂರಿಸುವುದೇ ಎಂದು ಮೊದಲು ಕಸಿವಿಸಿಯಾಯಿತು. ಆಮೇಲೆ, ಊರೆಲ್ಲ ನೆಲಕ್ಕೆ ಹತ್ತಿರ ಕೂತಿರುವಾಗ ದೇವರೊಬ್ಬನೇ ಎತ್ತರದಲ್ಲಿ ಏನು ಮಾಡುತ್ತಾನೆ ಅನ್ನಿಸಿತು. ನನ್ನ ಹಣೆಯ ವಿಭೂತಿ ನೋಡಿ ಅಂಗಡಿಯವಳು ಒಂದು ಊದಿನಕಡ್ಡಿ ನನ್ನ ಕೈಗೂ ಕೊಟ್ಟಳು. ಹಚ್ಚಿ ಕೈಮುಗಿದೆ. ಯಾವ ದೇವರೆಂದು ಕೇಳಲಿಲ್ಲ.

ಪಕ್ಕದ ಗೋಡೆ ಪಾಚಿ ಹಸಿರು. ಅದರ ಮುಂದೆ ಒಂದು ಕೆಂಪು ಸ್ಟೂಲು ಇಟ್ಟೆ. ಉಳಿದ ಸ್ಟೂಲುಗಳನ್ನೆಲ್ಲ ಅತ್ತ ಸರಿಸಿದೆ. ಒಂದು ಎಲೆ ಬಿದ್ದಿತ್ತು, ಅದನ್ನೂ ಎತ್ತಿದೆ. ಗುಂಪಿನವರು ಕೆರೆಯ ಮುಂದೆ, ಗುಡಿಯ ಮುಂದೆ ತಬ್ಬಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದರು.

"ಅಲ್ರೀ, ಸಮುದ್ರ ದಾಟಿ ಬಂದು ಸ್ಟೂಲಿನ ಫೋಟೋ ತೆಗಿತೀರಲ್ಲ" ಎಂದರು ಟೀಚರ್. "ನಮ್ಮ ಹೊಳಲ್ಕೆರೆ ಬಸ್ ಸ್ಟ್ಯಾಂಡಲ್ಲಿ ಇರ್ಲಿಲ್ವಾ?"

"ಐತೆ ಟೀಚರ್. ಹಿಂದುಗಡೆ ಹಸಿರು ಗೋಡೆ ಇಲ್ಲ."

ಸಾಯಂಕಾಲ ಊರಿಗೆ ಫೋನ್ ಮಾಡಿದೆ. "ಬಂತು ಬಂತು," ಎಂದರು ಅವರು. "ಕೆಂಪು ಸ್ಟೂಲು. ಗೋಡೆ ಹಸಿರು, ಅಲ್ಲಲ್ಲಿ ತೇಪೆ ಹಾಕಿದಂಗೈತೆ. ಎರಡನೇ ಕೋಟು ಹೊಡೆದಿಲ್ಲ ಮಕ್ಕಳು." ಹಿಂದೆ ಶಾಂತಾಳ ಪಿಸುಮಾತು ಕೇಳಿಸುತ್ತಿತ್ತು. ಧಾರಾವಾಹಿ ನೋಡುತ್ತಿರಬೇಕು ಅಂದುಕೊಂಡೆ. ಅವರಿಗೆ ಕಂಡಿತಲ್ಲ ಎಂಬ ಸಮಾಧಾನದಲ್ಲಿ ಆ ದಿನ ಚಟ್ನಿಪುಡಿ ಕಲಸಿದ ಅನ್ನವೂ ರುಚಿಯಾಗಿತ್ತು.

ಹ್ಯೂ

ಹ್ಯೂ ಅರಸರ ಊರು. ಕೋಟೆಯಿದೆ. ನಮ್ಮ ದುರ್ಗದ ಕೋಟೆ ಬಂಡೆಗಳ ಮೇಲೆ ತಾನೇ ಬೆಳೆದ ಹಾಗಿದ್ದರೆ, ಇದು ಬಯಲಿನಲ್ಲಿ ದಾರ ಹಿಡಿದು ಕಟ್ಟಿದ ಹಾಗಿತ್ತು. ಗುಂಪಿನವರು ದುರ್ಗವೇ ವಾಸಿ ಎಂದು ತೀರ್ಮಾನಿಸಿ ನೆರಳು ಹುಡುಕಿದರು.

ಮಧ್ಯಾಹ್ನ ಊದಿನಕಡ್ಡಿ ಮಾಡುವ ಬೀದಿಗೆ ಕರೆದುಕೊಂಡು ಹೋದರು. ಕೆಂಪು, ನೀಲಿ, ನೇರಳೆ, ಹಳದಿ ಕಡ್ಡಿಗಳ ಕಟ್ಟುಗಳನ್ನು ಬಿಡಿಸಿ ದೊಡ್ಡ ದೊಡ್ಡ ಹೂವಿನ ಹಾಗೆ ನಿಲ್ಲಿಸಿದ್ದಾರೆ. ಅಷ್ಟು ಬಣ್ಣ ಒಟ್ಟಿಗೆ ನಾನು ಕಂಡಿರಲಿಲ್ಲ. ಎಲ್ಲರೂ ಅದರ ನಡುವೆ ನಿಂತು ಫೋಟೋ ತೆಗೆಸಿಕೊಂಡರು. ಟೀಚರ್ ನನ್ನನ್ನೂ ಎಳೆದರು.

"ಬರ್ರಿ ಗೌರಮ್ಮ, ಕುಂತ್ಕಳ್ರಿ ಮಧ್ಯ. ನಿಮ್ಮನೆಯೋರಿಗೆ ಕಳ್ಸಾಣ."

"ಬ್ಯಾಡ ಟೀಚರ್. ಇದ್ರಲ್ಲಿ ಅವರಿಗೆ ಏನೂ ಸಿಗಲ್ಲ."

ಅವರು ನನ್ನ ಕೈ ಬಿಟ್ಟರು. ಇಷ್ಟು ಚಂದದ್ದನ್ನು ನೋಡುತ್ತಾ, ಇದು ಅವರಿಗಲ್ಲ, ಇದೂ ಅವರಿಗಲ್ಲ ಎಂದು ಒಂದೊಂದನ್ನೇ ಬದಿಗಿಟ್ಟು ನಡೆಯುವುದು ಎಷ್ಟು ಒಂಟಿ ಕೆಲಸ ಎಂದು ಅಲ್ಲಿ ತಿಳಿಯಿತು.

ಒಂದೇ ವಸ್ತು ಹುಡುಕುತ್ತಾ ಹಿಂದಿನ ಓಣಿಗೆ ಹೋದೆ. ನೇರಳೆ ಬಳಿದ ಒಂದು ಮನೆ, ಅದರ ಕಿಟಕಿಯ ಕಟ್ಟೆಯ ಮೇಲೆ ಒಂದು ಬಿಳಿ ಲೋಟ. ಬಿಸಿಲು ಬದಿಗೆ ಸರಿಯಲಿ ಎಂದು ಕಾದೆ. ನೆರಳು ಬಿದ್ದರೆ ಅವರಿಗೆ ಎರಡು ಲೋಟದ ಹಾಗೆ ಕಾಣುತ್ತದೆ. ಕಾದದ್ದು ಜಾಸ್ತಿಯಾಯಿತು. ಮರಳಿ ಬಂದಾಗ ಬಸ್ಸಿನಲ್ಲಿ ಎಲ್ಲರೂ ಕೂತು, ಮುಖ ಗಂಟು ಹಾಕಿಕೊಂಡಿದ್ದರು. "ಒಬ್ಬರಿಗೋಸ್ಕರ ಎಲ್ರೂ ಬೇಯ್ಬೇಕು" ಎಂದು ಹಿಂದಿನಿಂದ ಯಾರೋ ಅಂದರು. ನಾನು ತಪ್ಪಾಯಿತು ಎಂದೆ. ಟೀಚರ್ ತಮ್ಮ ಚೀಲದಿಂದ ಅರ್ಧ ಕೊಬ್ಬರಿ ಮಿಠಾಯಿ ಮುರಿದು ನನ್ನ ಕೈಗೆ ಹಾಕಿ ಕಿಟಕಿಯ ಕಡೆ ತಿರುಗಿದರು. ಆ ಅರ್ಧ ತುಂಡನ್ನು ನಾನು ದೇವರ ಲೆಕ್ಕಕ್ಕೇ ಸೇರಿಸಿದೆ.

"ಲೋಟ ಭಾಳ ಚೆನ್ನಾಗೈತೆ" ಎಂದರು ನಮ್ಮವರು ಅವತ್ತು. "ನೆರಳಿಲ್ಲ. ಅದಕ್ಕೇ ಎದ್ದು ಕಾಣ್ತೈತೆ."

ಹೊಯ್ ಆನ್, ಮೊದಲ ಬೆಳಿಗ್ಗೆ

ಟಿ.ವಿ.ಯವರು ಸುಳ್ಳು ಹೇಳಿರಲಿಲ್ಲ. ಊರು ಹಳದಿಯೇ. ಮನೆ, ಅಂಗಡಿ, ಕಾಂಪೌಂಡು ಎಲ್ಲ ಹಳದಿ, ಮೇಲಿಂದ ಕಾಗದದ ಹೂವಿನ ಬಳ್ಳಿ ಇಳಿಬಿದ್ದಿದೆ. ಗುಂಪಿನವರು ಏಳುವ ಮೊದಲೇ ಎದ್ದು, ಸ್ನಾನ ಮಾಡಿ, ಹೋಟೆಲಿನ ಹಿಂದಿನ ಬೀದಿಗೆ ಹೋದೆ. ಬೀದಿಯ ಕೊನೆಗೆ ಹೊಳೆ ಕಾಣುತ್ತಿತ್ತು.

ಒಂದು ಮನೆಯ ಗೋಡೆ ಖಾಲಿ. ಬಳ್ಳಿಯಿಲ್ಲ, ಕಿಟಕಿಯಿಲ್ಲ. ಅದಕ್ಕೆ ಒಂದು ಕಸಬರಿಗೆ ಒರಗಿಸಿದ್ದರು. ಹುಲ್ಲುಕಡ್ಡಿಯ ಕಸಬರಿಗೆ, ಹಿಡಿಗೆ ಕೆಂಪು ದಾರ. ನಾನು ಕಾಯುತ್ತಿದ್ದದ್ದೇ ಅಂಥದ್ದು. ಆದರೆ ಅದನ್ನು ನೆಟ್ಟಗೆ, ತಲೆಕೆಳಗಾಗಿ, ಕಡ್ಡಿ ಮೇಲೆ ಮಾಡಿ ನಿಲ್ಲಿಸಿದ್ದರು. ನಮ್ಮಲ್ಲಿ ಕಸಬರಿಗೆ ಲಕ್ಷ್ಮಿ. ಮಲಗಿಸಬೇಕು, ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳಬೇಕು. ಹಾಗೆ ನಿಂತ ಲಕ್ಷ್ಮಿಯ ಫೋಟೋ ತೆಗೆದು ಮನೆಗೆ ಕಳಿಸಲು ನನ್ನ ಕೈ ಬರಲಿಲ್ಲ. ಗೋಡೆಯ ಬುಡದಲ್ಲಿ ಅಡ್ಡಲಾಗಿ ಮಲಗಿಸಿದೆ.

ಬಾಗಿಲು ತೆರೆದು ಒಬ್ಬ ಅಜ್ಜಿ ಬಂದರು. ಹೂವಿನ ಪೈಜಾಮ, ಅದೇ ಹೂವಿನ ಅಂಗಿ. ನನ್ನನ್ನೊಮ್ಮೆ, ಕಸಬರಿಗೆಯನ್ನೊಮ್ಮೆ ನೋಡಿ, ಅದನ್ನೆತ್ತಿ ಮೊದಲಿನಂತೆ ನಿಲ್ಲಿಸಿ ಒಳಗೆ ಹೋದರು. ನಾನು ಮತ್ತೆ ಮಲಗಿಸಿದೆ. ಅಜ್ಜಿ ಮತ್ತೆ ಬಂದು ನಿಲ್ಲಿಸಿ, ಕಡ್ಡಿಗಳನ್ನು ಮುಟ್ಟಿ ಒದ್ದೆ ಎಂದು ತೋರಿಸಿದರು. ಒಣಗಬೇಕಂತೆ. ನಾನು ಕಸಬರಿಗೆಗೆ ಕೈಮುಗಿದು ತೋರಿಸಿದೆ. ಅವರು ನನಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು. ಮೂರನೆಯ ಸಲ ಮಲಗಿಸಿ, ಶಾಂತಾಳ ಫೋನಿಗೆ ಮಾತು ರೆಕಾರ್ಡು ಮಾಡಿ ಕಳಿಸಿದೆ: "ರೀ, ಇವತ್ತು ಹಳದಿ ಗೋಡೆಗೆ ಒಂದು ಕಸಬರಿಗೆ. ಕೆಂಪು ದಾರ ಕಟ್ಟಿದ್ದಾರೆ. ಇಲ್ಲಿ ಒಬ್ಬ ಅಜ್ಜಿ ಜೊತೆ ಜಗಳ ಬಿದ್ದೈತೆ. ನಾನು ಮಲಗ್ಸಿದ್ದೀನಿ, ಫೋಟೋ ಕಳಿಸ್ತೀನಿ."

ಫೋನೆತ್ತಿ ಒತ್ತುವ ಹೊತ್ತಿಗೆ ಅಜ್ಜಿ ಬಂದು ಕಸಬರಿಗೆ ಎತ್ತಿಕೊಂಡು ಒಳಗೆ ನಡೆದು ಬಾಗಿಲು ಹಾಕಿಕೊಂಡರು. ಬಿಸಿಲಿಗೆ ಪರದೆ ಸರಿಯಾಗಿ ಕಾಣುತ್ತಿರಲಿಲ್ಲ. ಕಸಬರಿಗೆ ಫೋಟೋದಲ್ಲಿ ಬಂದಿರಬೇಕು ಎಂದುಕೊಂಡು ಕಳಿಸಿಬಿಟ್ಟೆ.

ಸಾಯಂಕಾಲ ಫೋನ್ ಮಾಡಿದಾಗ ಅವರೇ ಎತ್ತಿದರು. ಶಾಂತಾ ಗುಡಿಗೆ ಹೋಗಿದ್ದಳು.

"ಕಸಬರಿಗೆ ಬಂತಾ?"

"ಬಂತು ಕಣೆ. ಎಷ್ಟು ಚೆನ್ನಾಗೈತೆ ಅಂದ್ರೆ ಕಡ್ಡಿ ಕಡ್ಡಿ ಎಣಿಸ್ಬೋದು. ಕೆಂಪು ದಾರ ಎದ್ದು ಕಾಣ್ತೈತೆ. ಮಲಗ್ಸಿದ್ದು ಒಳ್ಳೇದಾಯ್ತು."

ಅಷ್ಟು ಹೊಗಳಿದರಲ್ಲ, ನಾನೂ ಒಮ್ಮೆ ನೋಡೋಣ ಎಂದು ಫೋನ್ ಇಟ್ಟ ಮೇಲೆ ಆ ಫೋಟೋ ತೆರೆದೆ. ಬರೀ ಹಳದಿ ಗೋಡೆ. ಕಸಬರಿಗೆ ಇರಲಿಲ್ಲ. ಕಡ್ಡಿ ಇರಲಿಲ್ಲ, ದಾರ ಇರಲಿಲ್ಲ. ಪರದೆಯನ್ನು ಹಿಗ್ಗಿಸಿ ನಾಲ್ಕು ಮೂಲೆ ಹುಡುಕಿದೆ.

ಹೋಟೆಲಿನ ಮೆಟ್ಟಿಲ ಮೇಲೆ ಕೂತೆ. ಒಳಗೆ ಗುಂಪಿನವರು ಊಟಕ್ಕೆ ಕೂತು ಅಂತ್ಯಾಕ್ಷರಿ ಹಾಡುತ್ತಿದ್ದರು. ಹಸಿರು ಗೋಡೆಯ ತೇಪೆ, ನೆರಳಿಲ್ಲದ ಲೋಟ, ಹಿಂದೆ ಕೇಳಿಸುತ್ತಿದ್ದ ಪಿಸುಮಾತು, ಎಲ್ಲ ಒಂದೊಂದಾಗಿ ಸರಿಹೊಂದುತ್ತಾ ಬಂತು. ಶಾಂತಾ ಗುಡಿಯಿಂದ ಬಂದಿರಬಹುದಾದ ಹೊತ್ತಿಗೆ ಮತ್ತೆ ಫೋನ್ ಮಾಡಿದೆ.

"ಶಾಂತಾ, ನಿಜ ಹೇಳು. ನಿಮ್ಮಣ್ಣಂಗೆ ಫೋಟೋ ಕಾಣ್ತೈತಾ?"

"ಅತ್ತಿಗೆ, ನಾನು ಅಣ್ಣಂಗೆ ಮಾತು ಕೊಟ್ಟಿದ್ದೆ. ನಾನು ನೋಡಿ ಹೇಳೋದು, ಅವನು ನಿಂಗೆ ಹೇಳೋದು. ಇವತ್ತಿನ ಫೋಟೋ ನಾನು ನೋಡೇ ಇಲ್ಲ, ನಿನ್ನ ಮಾತಷ್ಟೇ ಅಣ್ಣಂಗೆ ಕೇಳ್ಸಿದ್ದೆ."

"ಎಷ್ಟು ದಿನದಿಂದ?"

ಫೋನು ಅವರ ಕೈಗೆ ಹೋಯಿತು. "ಮೂರು ತಿಂಗಳಾಯ್ತು ಕಣೆ" ಎಂದರು. "ಬೆಳಕು, ಕತ್ಲೆ ಅಷ್ಟು ಗೊತ್ತಾಗ್ತೈತೆ. ಅದರ ಮೇಲೆ ಏನೂ ಇಲ್ಲ."

ಮೂರು ತಿಂಗಳಲ್ಲಿ ನಾನು ಮನೆಯಲ್ಲಿ ಎಷ್ಟು ವಸ್ತು ಇಟ್ಟು ತೆಗೆದಿದ್ದೆ. ಬದನೆಕಾಯಿ, ಹಣತೆ, ಅವರದೇ ಹಳೇ ಬ್ರಷ್ಷು. ಒಂದೊಂದಕ್ಕೂ ಅವರು ಹೂಂ, ಕಾಣ್ತು ಅಂದಿದ್ದರು. ನಾನೇ ಅಲ್ಲವೇ, ನೋಡ್ರಿ ಸೌಟು, ನೋಡ್ರಿ ನಿಂಬೆಹಣ್ಣು ಎಂದು ಮೊದಲೇ ಹೇಳಿ ತೋರಿಸುತ್ತಿದ್ದವಳು.

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಪೆಟ್ಟಿಗೆ ಬಿಚ್ಚಿಟ್ಟು ನನ್ನ ಮುಂದೆ ಕುಂತ್ಕಂತಿದ್ದೆ. ಇಬ್ರ ಪೈಕಿ ಒಬ್ರಿಗೆ ಕಣ್ಣೈತೆ. ಅದನ್ನೂ ಮನೇಲಿ ಕೂಡಿ ಹಾಕ್ಲಾ?"

ನಾನು ಫೋನ್ ಇಟ್ಟೆ. ಮೂವತ್ತೈದು ವರ್ಷದಲ್ಲಿ ಅವರ ಮಾತು ಮುಗಿಯುವ ಮೊದಲು ನಾನು ಎದ್ದು ಹೋದದ್ದು ಅದೇ ಮೊದಲು. ರೂಮಿಗೆ ಬಂದ ಟೀಚರ್ ನನ್ನ ಮುಖ ನೋಡಿ, ಏನೂ ಕೇಳದೆ, ಎರಡು ಮಂಚದ ನಡುವಿನ ದೀಪ ತಗ್ಗಿಸಿದರು.

ಹೊಯ್ ಆನ್, ಹೊರಡುವ ದಿನ

ಬೆಳಿಗ್ಗೆ ವಿಭೂತಿ ಇಟ್ಟುಕೊಂಡೆ. ಶಿವನ ಹತ್ತಿರ ಕೇಳಲು ಏನೂ ತೋಚಲಿಲ್ಲ. ಫೋನನ್ನು ಚೀಲದಲ್ಲಿ ಹಾಕಿ ಜಿಪ್ಪು ಎಳೆದೆ. ಇನ್ನು ಯಾರಿಗೆ ತೆಗೆಯಬೇಕು. ಆದರೂ ಕಾಲು ಹಿಂದಿನ ಬೀದಿಗೇ ಹೋಯಿತು. ದಾರಿಯಲ್ಲಿ ಕಂಡದ್ದನ್ನೆಲ್ಲ, ಸೈಕಲ್ಲು, ಒಂದು ಬುಟ್ಟಿ, ಒಣಗಲು ಹಾಕಿದ ಒಂದು ಟೋಪಿ, ಎಲ್ಲವನ್ನೂ ಮನಸ್ಸು ತಾನಾಗಿಯೇ ಒಂದೊಂದು ಗೋಡೆಗೆ ಇಟ್ಟು ನೋಡುತ್ತಿತ್ತು. ನಿಲ್ಲಿಸಲು ಆಗಲಿಲ್ಲ.

ಅಜ್ಜಿಯ ಗೋಡೆಯ ಹತ್ತಿರ ಬಂದೆ. ಕಸಬರಿಗೆ ಬುಡದಲ್ಲಿ ಅಡ್ಡಲಾಗಿ ಮಲಗಿತ್ತು. ಕೆಳಗೆ ಒಂದು ಹಳೇ ಪೇಪರು ಹಾಸಿದ್ದರು. ಅಜ್ಜಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ನಾನು ಕೈಮುಗಿದೆ. ಈ ಸಲ ಅವರಿಗೆ. ಪೇಪರನ್ನು ಮೆಲ್ಲಗೆ ತೆಗೆದು, ಜಿಪ್ಪು ಬಿಚ್ಚಿ, ಯಾರಿಗೆ ಎಂದು ಗೊತ್ತಿಲ್ಲದೆಯೇ ಒಂದು ಫೋಟೋ ತೆಗೆದೆ. ಫೋನ್ ಕೈಯಲ್ಲಿರುವಾಗಲೇ ಅದು ರಿಂಗಾಯಿತು.

"ಎಲ್ಲಿದ್ದೀಯ?" ನಮ್ಮವರು.

"ಗೋಡೆ ಹತ್ರ."

"ಯಾವ ಗೋಡೆ?"

"ನಿನ್ನೆ ನೀವು ನೋಡಿ ಹೊಗಳಿದ್ರಲ್ಲ, ಅದೇ." ಚುಚ್ಚಬೇಕೆಂದೇ ಹೇಳಿದೆ.

ಅವರು ಸಣ್ಣಗೆ ನಕ್ಕರು. "ತಪ್ಪಾಯ್ತು ಕಣೆ. ಇವತ್ತು ಸರಿಯಾಗಿ ತೋರ್ಸು."

"ಹೆಂಗೆ ತೋರಿಸ್ಲಿ?"

"ಹಳದಿ ಅಂದ್ಯಲ್ಲ, ಯಾವ ಹಳದಿ?"

"ಕಡ್ಲೆಹಿಟ್ಟು."

"ಬರೀ ಹಿಟ್ಟೋ, ಕಲಸಿದ್ದೋ?"

"ಕಲಸಿದ್ದು. ಬೋಂಡಕ್ಕೆ ಕಲಸ್ತೀವಲ್ಲ, ಹಂಗೆ. ಕೆಳಗೆ ಬರ್ತಾ ಬರ್ತಾ ಕಪ್ಪಾಗೈತೆ."

"ಅಂಗೈ ಇಡು."

"ಮೇಲೆ ಬೆಚ್ಚಗೈತೆ. ಕೆಳಗೆ ತಣ್ಣಗೈತೆ."

"ಉಗುರಲ್ಲಿ ಕೆರಿ."

"ರೀ, ಬ್ಯಾರೆಯವ್ರ ಮನೆ."

"ಸ್ವಲ್ಪ ಕಣೆ. ಒಂದು ಉಗುರಷ್ಟು."

ಅಜ್ಜಿ ನೋಡುತ್ತಿದ್ದಂತೆಯೇ ಕೆರೆದೆ. ಬೆರಳಿಗೆ ಬಿಳಿ ಪುಡಿ ಹತ್ತಿತು. ಹೇಳಿದೆ. "ಸುಣ್ಣಾನೇ" ಎಂದರು ಅವರು. ದನಿ ಬೇರೆಯಾಗಿತ್ತು. ಕೆಲಸಕ್ಕೆ ಹೋಗುತ್ತಿದ್ದಾಗ ಮೇಸ್ತ್ರಿಗಳ ಜೊತೆ ಆಡುತ್ತಿದ್ದ ದನಿ. "ಈಗ ಸ್ಪೀಕರ್ ಹಾಕಿ ಫೋನು ಗೋಡೆಗೆ ತಾಗ್ಸಿ ಹಿಡಿ. ಬೆರಳು ಮಡಿಚಿ ಗೆಣ್ಣಲ್ಲಿ ಬಡಿ."

ಬಡಿದೆ.

"ಗಟ್ಟಿ ಐತೆ. ಕೆಳಗೆ ಬಾ. ಇನ್ನೂ ಕೆಳಗೆ. ನಿಲ್ಸು. ಒಂದು ಗೇಣು ಮೇಲೆ ಹೋಗು. ಬಡಿ. ಹಾಂ, ಅಲ್ಲೇ."

ನನ್ನ ಕಿವಿಗೆ ಎಲ್ಲ ಒಂದೇ ಸದ್ದು. ಅವರು ಹೇಳಿದ ಜಾಗದಲ್ಲಿ, ನನ್ನ ಸೊಂಟದ ಎತ್ತರಕ್ಕೆ, ಅಂಗೈ ಇಟ್ಟು ನಿಂತೆ.

"ಅಲ್ಲಿಂದ ಕೆಳಗೆ ಟೊಳ್ಳು, ಗಾರೆ ಬಿಟ್ಟೈತೆ. ಮಳೆ ನೀರಲ್ಲ ಅದು. ಅಲ್ಲೀ ತನಕ ನೀರು ನಿಂತಿತ್ತು. ಕೇಳು ಆಯಮ್ಮನ್ನ."

ಹೇಗೆ ಕೇಳುವುದು. ಗೋಡೆ ತೋರಿಸಿದೆ, ಕೈಯಲ್ಲಿ ನೀರು ತುಳುಕಿಸುವ ಹಾಗೆ ಮಾಡಿದೆ. ಅಜ್ಜಿ ನನ್ನ ಮುಖ ನೋಡಿದರು, ಗೋಡೆಗೆ ಅಂಟಿಸಿದ್ದ ಫೋನು ನೋಡಿದರು. ಮೆಟ್ಟಿಲಿಳಿದು ಬಂದು ತಮ್ಮ ಅಂಗೈಯನ್ನು ಗೋಡೆಯ ಮೇಲೆ ನನ್ನ ಅಂಗೈಯ ಪಕ್ಕದಲ್ಲೇ, ಅದೇ ಎತ್ತರಕ್ಕೆ ಇಟ್ಟರು. ಇನ್ನೊಂದು ಕೈಯಲ್ಲಿ ಬೀದಿಯ ಕೊನೆಯ ಹೊಳೆ ತೋರಿಸಿದರು.

"ಏನಂದ್ರು?" ಫೋನಿನಿಂದ ಕೇಳಿದರು.

"ಹೊಳೆ ಬಂದಿತ್ತಂತೆ. ನೀವು ಹೇಳಿದ ಜಾಗದ ತನಕ."

ಅತ್ತ ಕಡೆ ಅವರು ಕುರ್ಚಿ ಎಳೆದುಕೊಂಡು ಕೂತ ಸದ್ದು ಕೇಳಿಸಿತು.

"ಪಕ್ಕದ ಗೋಡೆಗೆ ನಡಿ ನೋಡಾಣ" ಎಂದರು.